ಕಣ್ಣಿನ ಗೂಡಿಗೆ ಏಳು ಮೂಳೆಗಳು

ಒಂದು ಕಣ್ಣನ್ನು ಮುಚ್ಚಿಕೊಳ್ಳಿ. ತೋರುಬೆರಳನ್ನು ಆ ಕಣ್ಣಿನ ಹುಬ್ಬಿನ ಮೇಲಿಟ್ಟು ಮೆಲ್ಲನೆ ಒತ್ತಿ. ಗಟ್ಟಿಯಾದ ಅಂಚೊಂದು ಸಿಗುತ್ತದೆ. ಬೆರಳನ್ನು ಕಿವಿಯ ಕಡೆಗೆ ಜಾರಿಸಿ ಕೆಳಗಿಳಿಸಿ. ಅಲ್ಲಿಂದ ಕೆನ್ನೆಯ ಮೇಲ್ಭಾಗದ ಮೂಲಕ ಮೂಗಿನ ಪಕ್ಕಕ್ಕೆ ತನ್ನಿ. ಸುತ್ತಲೂ ಗಟ್ಟಿ ಅಂಚು ಇದೆ, ಅಲ್ಲವೆ? ಕಣ್ಣುಗುಡ್ಡೆಯನ್ನು ಮಾತ್ರ ಒತ್ತಬೇಡಿ.

ಈ ಅಂಚು ಕಣ್ಣಿನ ಗೂಡಿನ ಬಾಗಿಲ ಚೌಕಟ್ಟು. ಗೂಡು ಅದರ ಹಿಂದೆ, ತಲೆಯ ಒಳಗೆ ಇದೆ. ಅದರ ರಚನೆಯನ್ನು ತಿಳಿಯೋಣ.

ಗೂಡು ಹೇಗಿದೆ?

ಕಡಲೆಕಾಯಿ ಕಟ್ಟಿಕೊಡುವ ಕಾಗದದ ಪೊಟ್ಟಣವನ್ನು ನೆನಪಿಸಿಕೊಳ್ಳಿ. ಅದರ ಬಾಯಿ ಅಗಲ, ತುದಿ ಚೂಪು. ಕಣ್ಣಿನ ಗೂಡಿನ ಆಕಾರವೂ ಹೆಚ್ಚುಕಡಿಮೆ ಹಾಗೆಯೇ. ದೊಡ್ಡವರಲ್ಲಿ ಇದರ ಬಾಯಿ ಸುಮಾರು 4 ಸೆಂ.ಮೀ. ಅಗಲವಿರುತ್ತದೆ. ಆಳ 4ರಿಂದ 5 ಸೆಂ.ಮೀ. ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 2.4 ಸೆಂ.ಮೀ. ಮಾತ್ರ. ಉಳಿದ ಜಾಗದಲ್ಲಿ ಕಣ್ಣನ್ನು ತಿರುಗಿಸುವ ಸ್ನಾಯುಗಳು, ನರಗಳು, ರಕ್ತನಾಳಗಳು ಮತ್ತು ಮೆತ್ತೆಯಂತಹ ಕೊಬ್ಬು ಇವೆ.

ನಮ್ಮ ತಲೆಬುರುಡೆಯಲ್ಲಿ 22 ಮೂಳೆಗಳಿವೆ. ಅವುಗಳಲ್ಲಿ ಏಳು ಮೂಳೆಗಳು ಸೇರಿ ಒಂದು ಕಣ್ಣಿನ ಗೂಡಾಗುತ್ತದೆ. ಗೂಡಿನ ಛಾವಣಿ ಹಣೆಯ ಮೂಳೆ. ಹೊರಪಕ್ಕದಲ್ಲಿ ಕೆನ್ನೆಯ ಮೂಳೆ. ನೆಲದ ಬಹುಭಾಗ ಮೇಲ್ದವಡೆಯ ಮೂಳೆ. ನಿಮ್ಮ ಮೇಲಿನ ಸಾಲಿನ ಹಲ್ಲುಗಳು ನಾಟಿಕೊಂಡಿರುವುದೂ ಇದರಲ್ಲಿಯೇ. ನಿಮ್ಮ ಬೆರಳಿಗೆ ಸಿಕ್ಕ ಗಟ್ಟಿ ಅಂಚು ಈ ಮೂರು ಮೂಳೆಗಳಿಂದ ಆದದ್ದು.

ಉಳಿದ ನಾಲ್ಕು ಒಳಗೆ ಅಡಗಿವೆ. ಹಿಂಭಾಗದಲ್ಲಿ ಬೆಣೆಮೂಳೆ ಇದೆ. ಅದರಲ್ಲಿರುವ ಒಂದು ರಂಧ್ರದ ಮೂಲಕ ಕಣ್ಣಿನ ನರ ಮಿದುಳಿಗೆ ಹೋಗುತ್ತದೆ. ನೆಲದ ಹಿಂದಿನ ಮೂಲೆಯಲ್ಲಿ ಅಂಗುಳಿನ ಮೂಳೆಯ ಚಿಕ್ಕ ಭಾಗವಿದೆ. ಮೂಗಿನ ಕಡೆಯ ಗೋಡೆಯಲ್ಲಿ ಜರಡಿಮೂಳೆ ಮತ್ತು ಕಣ್ಣೀರಿನ ಮೂಳೆ ಇವೆ.

ಅಳುವಾಗ ಮೂಗು ಸೋರುವುದೇಕೆ?

ಕಣ್ಣೀರಿನ ಮೂಳೆ ಮುಖದ ಮೂಳೆಗಳಲ್ಲೇ ಅತ್ಯಂತ ಚಿಕ್ಕದು. ಕಿರುಬೆರಳಿನ ಉಗುರಿನಷ್ಟೇ ಇದರ ಗಾತ್ರ. ಆದರೆ ಇದರ ಕೆಲಸ ಚಿಕ್ಕದಲ್ಲ.

ಕಣ್ಣೀರು ನಾವು ಅಳುವಾಗ ಮಾತ್ರ ಬರುವುದಿಲ್ಲ. ಗೂಡಿನ ಮೇಲ್ಭಾಗದ ಹೊರಮೂಲೆಯಲ್ಲಿರುವ ಗ್ರಂಥಿಯಿಂದ ಅದು ಸದಾ ಸ್ವಲ್ಪಸ್ವಲ್ಪವೇ ಒಸರುತ್ತಿರುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಕಣ್ಣಿನ ಮೇಲೆ ಹರಡಿ ದೂಳನ್ನು ತೊಳೆಯುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೆ? ಮೂಗಿನ ಕಡೆಯ ಮೂಲೆಯಲ್ಲಿ, ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲಿ ಒಂದೊಂದು ಸಣ್ಣ ರಂಧ್ರವಿದೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ತುಸು ಕೆಳಗೆಳೆದರೆ ಚುಕ್ಕೆಯಂತೆ ಕಾಣುತ್ತದೆ. ಕಣ್ಣೀರು ಈ ರಂಧ್ರಗಳಿಂದ ಒಂದು ಚಿಕ್ಕ ಚೀಲಕ್ಕೆ ಇಳಿಯುತ್ತದೆ. ಕಣ್ಣೀರಿನ ಮೂಳೆ ಮತ್ತು ಮೇಲ್ದವಡೆಯ ಮೂಳೆ ಸೇರಿ ಆಗಿರುವ ತಗ್ಗಿನಲ್ಲಿ ಆ ಚೀಲ ಕುಳಿತಿದೆ. ಅಲ್ಲಿಂದ ಒಂದು ನಾಳ ಮೂಗಿನೊಳಕ್ಕೆ ಹೋಗುತ್ತದೆ. ತುಂಬ ಅತ್ತಾಗ ಹೆಚ್ಚಿನ ನೀರು ಈ ದಾರಿಯಲ್ಲೇ ಹರಿದು ಮೂಗು ಸೋರುತ್ತದೆ.

ಚೌಕಟ್ಟು ಗಟ್ಟಿ, ಗೋಡೆ ತೆಳು

ಗೂಡಿನ ಅಂಚು ದಪ್ಪವಾಗಿದ್ದರೂ ಒಳಗೋಡೆಗಳು ಬಹಳ ತೆಳು. ಜರಡಿಮೂಳೆಯ ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅದಕ್ಕೆ ‘ಕಾಗದದಂಥ ಹಾಳೆ’ ಎಂಬ ಅರ್ಥದ ಲ್ಯಾಟಿನ್ ಹೆಸರಿದೆ. ಗೂಡಿನ ನೆಲವೂ ತೆಳುವೇ. ಅದರ ಕೆಳಗೆ, ಕೆನ್ನೆಯ ಒಳಗೆ, ಗಾಳಿ ತುಂಬಿದ ಒಂದು ಕೋಣೆ ಇದೆ.

ಕ್ರಿಕೆಟ್ ಚೆಂಡಿನ ಅಡ್ಡಳತೆ ಸುಮಾರು 7 ಸೆಂ.ಮೀ. ಗೂಡಿನ ಬಾಯಿ 4 ಸೆಂ.ಮೀ. ಹಾಗಾಗಿ ಚೆಂಡು ಪೂರ್ತಿ ಒಳನುಗ್ಗಲಾರದು. ಪೆಟ್ಟಿನ ಬಹುಪಾಲನ್ನು ಅಂಚಿನ ಮೂಳೆಗಳು ತಡೆಯುತ್ತವೆ. ಆದರೂ ಪೆಟ್ಟು ಜೋರಾಗಿದ್ದರೆ ಗೂಡಿನ ತೆಳುವಾದ ನೆಲ ಮುರಿಯಬಹುದು.

ಈಗ ಚಿನ್ನಿದಾಂಡಿನ ಚಿನ್ನಿಯನ್ನು ನೆನೆಯಿರಿ. ಅದು ಬೆರಳಿನಷ್ಟು ದಪ್ಪ, ಎರಡೂ ತುದಿ ಚೂಪು. ಅಂಚಿನ ಮೂಳೆಗಳು ಅದನ್ನು ತಡೆಯಲಾರವು. ಅದು ನೇರವಾಗಿ ಕಣ್ಣಿಗೇ ತಾಗುತ್ತದೆ. ಕವಣೆಯ ಕಲ್ಲು, ಆಟದ ಬಾಣದ ಕಡ್ಡಿ, ಪಟಾಕಿಯ ಚೂರು, ಎಸೆದ ಪೆನ್ಸಿಲ್ – ಇವೂ ಹಾಗೆಯೇ. ಅದರಲ್ಲೂ ಗೂಡಿನ ಹೊರಪಕ್ಕದ ಅಂಚು ಉಳಿದ ಅಂಚುಗಳಿಗಿಂತ ಹಿಂದಕ್ಕಿದೆ. ಅದರಿಂದ ನಮಗೆ ಪಕ್ಕದ ನೋಟ ಚೆನ್ನಾಗಿ ಸಿಗುತ್ತದೆ. ಆದರೆ ಪಕ್ಕದಿಂದ ಬರುವ ವಸ್ತುವಿಗೆ ಕಣ್ಣು ಸುಲಭವಾಗಿ ಸಿಕ್ಕಿಬಿಡುತ್ತದೆ.

ಪೆಟ್ಟು ಬಿದ್ದರೆ ಏನು ಮಾಡಬೇಕು?

ಮಕ್ಕಳ ಮೂಳೆ ಬಾಗುವಂಥದ್ದು. ಪೆಟ್ಟು ಬಿದ್ದಾಗ ಗೂಡಿನ ನೆಲ ಬಿರುಕುಬಿಟ್ಟು ಕೆಳಕ್ಕೆ ಬಾಗಿ, ಮತ್ತೆ ಮೇಲಕ್ಕೆ ಮುಚ್ಚಿಕೊಳ್ಳಬಹುದು. ಆಗ ಬಾಗಿಲ ಸಂದಿಗೆ ಬೆರಳು ಸಿಕ್ಕಂತೆ, ಕಣ್ಣನ್ನು ತಿರುಗಿಸುವ ಸ್ನಾಯು ಆ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಬಾವು ಇಲ್ಲದಿರಬಹುದು, ಕಣ್ಣು ಕೆಂಪಾಗದಿರಬಹುದು. ಆದರೆ ಕಣ್ಣನ್ನು ಮೇಲಕ್ಕೆ ತಿರುಗಿಸಲಾಗುವುದಿಲ್ಲ. ಒಂದು ವಸ್ತು ಎರಡಾಗಿ ಕಾಣಬಹುದು. ವಾಂತಿ ಬರಬಹುದು. ಕೆನ್ನೆ ಮತ್ತು ಮೇಲ್ದುಟಿ ಜೋಮು ಹಿಡಿದಂತಾಗಬಹುದು. ಇಂತಹ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಸಿಕ್ಕಿಕೊಂಡ ಸ್ನಾಯುವಿಗೆ ಹಾನಿಯಾಗುತ್ತದೆ.

ಈ ಮಾತುಗಳನ್ನು ನೆನಪಿಡಿ:

• ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ.
• ಕಣ್ಣಿಗೆ ಏನಾದರೂ ಚುಚ್ಚಿಕೊಂಡಿದ್ದರೆ ಅದನ್ನು ಕೀಳಬೇಡಿ. ಕಣ್ಣಿಗಾಗಲಿ ಚುಚ್ಚಿದ ವಸ್ತುವಿಗಾಗಲಿ ತಾಗದಂತೆ ಕಾಗದದ ಲೋಟವೊಂದನ್ನು ಹುಬ್ಬು ಮತ್ತು ಕೆನ್ನೆಯ ಮೂಳೆಯ ಮೇಲೆ ಬೋರಲಾಗಿ ಹಿಡಿದು ಆಸ್ಪತ್ರೆಗೆ ಹೋಗಿ.
• ಮೂಗನ್ನು ಜೋರಾಗಿ ಸೀಟಬೇಡಿ. ಗೋಡೆ ಮುರಿದಿದ್ದರೆ ಪಕ್ಕದ ಕೋಣೆಯ ಗಾಳಿ ಕಣ್ಣಿನ ಗೂಡಿಗೆ ನುಗ್ಗುತ್ತದೆ.
• ಬೈಯುತ್ತಾರೆಂದು ಹೆದರಿ ಮುಚ್ಚಿಡಬೇಡಿ. ಹೊಡೆದದ್ದು ಗೆಳೆಯನೇ ಆಗಿದ್ದರೂ ನಡೆದದ್ದನ್ನು ಮೇಷ್ಟ್ರಿಗೆ ಅಥವಾ ಮನೆಯವರಿಗೆ ಕೂಡಲೇ ಹೇಳಿ.

ಚಿನ್ನಿದಾಂಡು ಆಡುವಾಗ ನೋಡುವವರು, ಅದರಲ್ಲೂ ಚಿಕ್ಕ ಮಕ್ಕಳು, ಚಿನ್ನಿ ಹಾರುವ ದಿಕ್ಕಿನಲ್ಲಿ ನಿಲ್ಲದಂತೆ ನೋಡಿಕೊಳ್ಳಿ.

ಮಾಡಿ ನೋಡಿ: ನಿಮ್ಮ ಶಾಲೆಯಲ್ಲಿ ತಲೆಬುರುಡೆಯ ಚಿತ್ರಪಟವಿದ್ದರೆ, ಕಣ್ಣಿನ ಗೂಡಿನ ಏಳು ಮೂಳೆಗಳಲ್ಲಿ ಎಷ್ಟನ್ನು ಗುರುತಿಸಬಲ್ಲಿರಿ? ಕಣ್ಣೀರಿನ ಮೂಳೆಯನ್ನು ಮೊದಲು ಹುಡುಕಿದವರು ಅದು ಎಲ್ಲಿದೆ ಎಂದು ಉಳಿದವರಿಗೆ ತೋರಿಸಲಿ.