ಬೇಣ ಪಾಳುನೆಲವಲ್ಲ

ಮಾಘ ಕಳೆಯುವ ಹೊತ್ತಿಗೆ ಸಿದ್ದಾಪುರ ತಾಲ್ಲೂಕಿನ ಬಿಳಗಿ ಸೀಮೆಯ ಬೇಣಗಳು, ಅಂದರೆ ಹುಲ್ಲುಗಾವಲುಗಳು, ಬಿಸಿಲಿಗೆ ಬೆಂದು ಬರಿದಾಗಿ ಕಾಣುತ್ತವೆ. ಅಲ್ಲಿನ ವಾರ್ಷಿಕ ಹುಲ್ಲುಗಳಿಗೆ ಚಿಗುರಲು ಗೆಡ್ಡೆಯಿಲ್ಲ, ಹಳೆಯ ಬುಡವೂ ಇಲ್ಲ. ತಾಯಿಗಿಡ ಸತ್ತಿದೆ, ಸಂತತಿಯೆಲ್ಲ ಮಣ್ಣಿನೊಳಗೆ ಬೀಜವಾಗಿದೆ. ಮೃಗಶಿರಾ ಮಳೆ ಹಿಡಿದರೆ ಮೊಳಕೆ, ಶ್ರಾವಣದಲ್ಲಿ ಮೊಣಕಾಲೆತ್ತರ, ಹಸ್ತಾ–ಚಿತ್ತಾ ಮಳೆಗಳ ಹೊತ್ತಿಗೆ ತೆನೆ. ನಾಲ್ಕೈದು ತಿಂಗಳಲ್ಲಿ ಬಾಳು ಮುಗಿಯಿತು.

ಜಂಬಿಟ್ಟಿಗೆ ಕಲ್ಲಿನ ಮೇಲೆ ಮಣ್ಣು ಬೆರಳುದ್ದ ಮಾತ್ರ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಕಲ್ಲೇ ಕಾಯುತ್ತದೆ. ಇಂಥ ನೆಲಕ್ಕೆ ಒಗ್ಗಿದ ಗ್ಲೈಫೋಕ್ಲೋವಾ ಎಂಬ ಹುಲ್ಲಿನ ಕುಲ ಭಾರತದ ಪರ್ಯಾಯ ದ್ವೀಪದ ಆಚೆ ಎಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಅದರ ಒಂದು ಪ್ರಭೇದಕ್ಕೆ ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು. ಎ. ಟಾಲ್ಬಟ್ ಅವರ ಹೆಸರಿದೆ. ಮುಂಬೈ ಪ್ರಾಂತ್ಯ ಮತ್ತು ಸಿಂಧ್‌ನ ಕಾಡುಸಸ್ಯಗಳ ಕುರಿತ ಅವರ ಸಂಪುಟಗಳು 1909 ಮತ್ತು 1911ರಲ್ಲಿ ಬಂದವು. ಗ್ಲೈಫೋಕ್ಲೋವಾ ಮಾಗಿದಾಗ ತೆನೆಯ ದಂಟೇ ಗಂಟುಗಂಟಾಗಿ ಮುರಿದು, ಬೀಜದೊಂದಿಗೆ ನೆಲಕ್ಕೆ ಬೀಳುತ್ತದೆ. ಬೇರೆ ಕೆಲವು ಹುಲ್ಲುಗಳ ಬೀಜಕ್ಕೆ ಉದ್ದನೆಯ ಮೀಸೆ. ತೇವ ತಾಗಿದರೆ ಅದರ ತಿರುಚು ಬಿಚ್ಚುತ್ತದೆ, ಒಣಗಿದರೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತಲೇ ಬೀಜ ಮಣ್ಣಿಗಿಳಿಯುತ್ತದೆ.

ಇವೆಲ್ಲ ಜೋಳ, ಕಬ್ಬು, ಮೆಕ್ಕೆಜೋಳಗಳ ಬಳಗ. ಉರಿಬಿಸಿಲನ್ನು ಬಳಸಿಕೊಂಡು ಬೇಗ ಬೆಳೆಯುವುದು ಇವುಗಳ ಬಲ, ನೆರಳೇ ಇವುಗಳ ಶತ್ರು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ ಸವಲತ್ತಿದೆ. ಬೆಟ್ಟ ಸೊಪ್ಪು ಕೊಟ್ಟರೆ ಬೇಣ ಕರಡವನ್ನು, ಅಂದರೆ ಒಣಹುಲ್ಲನ್ನು, ಕೊಡುತ್ತದೆ. ಕೊಟ್ಟಿಗೆಗೆ ಮೇವು, ದನದ ಕಾಲಡಿಗೆ ಹಾಸು, ಕೊನೆಗೆ ತೋಟಕ್ಕೆ ಗೊಬ್ಬರ. ದೀಪಾವಳಿ ಕಳೆದು, ಹುಲ್ಲು ಒಣಗಿ ಬೀಜ ಉದುರಿದ ಮೇಲೆ ಕತ್ತಿ ಹಾಕಿದರೆ ಮುಂದಿನ ವರ್ಷದ ಹುಲ್ಲಿಗೆ ಕೊರತೆಯಿಲ್ಲ. ಹಸಿಯಿದ್ದಾಗಲೇ ವರ್ಷವರ್ಷವೂ ಕೊಯ್ದರೆ ಬೀಜದ ದಾಸ್ತಾನು ಕರಗುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಕೇಶಿಯಾದಿಂದ. 1980ರ ದಶಕದಿಂದೀಚೆ ಮರವಿಲ್ಲದ ನೆಲವನ್ನು ಪಾಳೆಂದು ಬಗೆದು ಜಿಲ್ಲೆಯ ಎಷ್ಟೋ ಬೇಣಗಳಲ್ಲಿ ಅದನ್ನು ನೆಟ್ಟರು. ಅದರ ನೆರಳು ಬಿಸಿಲನ್ನು ತಡೆಯಿತು, ದಪ್ಪನೆಯ ದರಗು ಮೊಳಕೆಯನ್ನು ಅದುಮಿತು. ಹಸಿರು ಹೆಚ್ಚಿದಂತೆ ಕಂಡಿತು, ಆದರೆ ಹುಲ್ಲು ಹೋಯಿತು, ಮೇವೂ ಹೋಯಿತು.

ಉಳಿದ ಬೇಣಗಳನ್ನಾದರೂ ಹುಲ್ಲಿಗೇ ಬಿಡಬೇಕು. ವನಮಹೋತ್ಸವಕ್ಕೆ ಗುಂಡಿ ತೋಡುವ ಮುನ್ನ ಆ ನೆಲದಲ್ಲಿ ಮಳೆಗಾಲದಲ್ಲಿ ಏನು ಬೆಳೆಯುತ್ತದೆಂದು ಊರಿನ ದನಗಾಹಿಗಳನ್ನು ಕೇಳಬೇಕು. ಕರಡ ಕೊಯ್ಯುವವರು ಒಂದು ಪಟ್ಟೆಯನ್ನು ಬೀಜಕ್ಕೆಂದು ಉಳಿಸಬೇಕು. ಇದಕ್ಕೆ ಹಣ ಬೇಡ, ಯೋಜನೆ ಬೇಡ; ಹುಲ್ಲೂ ಒಂದು ಕಾಡೆಂಬ ತಿಳಿವಳಿಕೆ ಸಾಕು.