ಒಂದೇ ದಿನದ ಗೊಂಬೆ ಸಂತೆ

ಟೋಕಿಯೊ ಸ್ಟೇಷನ್ನಿನಲ್ಲಿ ಕೆಯ್ಯೋ ಲೈನ್ ಹುಡುಕುವುದೇ ಒಂದು ಯಾತ್ರೆ. ಮೆಟ್ಟಿಲಿಳಿದು, ಚಲಿಸುವ ಪಟ್ಟಿಗಳ ಮೇಲೆ ನಿಂತು, ಮತ್ತೆ ನಡೆದು, ಮುಂದಿನ ಸ್ಟೇಷನ್ನಿಗೇ ಬಂದುಬಿಟ್ಟೆವೇನೋ ಅನ್ನಿಸುವ ಹೊತ್ತಿಗೆ ಪ್ಲಾಟ್‌ಫಾರ್ಮ್ ಸಿಗುತ್ತದೆ. ಸಂತೆಯ ಭಾನುವಾರ ಬೆಳಗಿನ ರೈಲಿನಲ್ಲಿ ಎರಡು ಬಗೆಯ ಜನ. ಮಕ್ಕಳ ಕೈ ಹಿಡಿದವರು ಮೈಹಾಮಾದಲ್ಲಿ ಡಿಸ್ನಿಲ್ಯಾಂಡಿಗೆ ಇಳಿದುಹೋಗುತ್ತಾರೆ. ಖಾಲಿ ಬೆನ್ನುಚೀಲ ಹೊತ್ತ ದೊಡ್ಡವರು ಕದಲುವುದಿಲ್ಲ. ಅವರದೂ ಗೊಂಬೆಯ ಹುಚ್ಚೇ. ಇಳಿಯುವುದು ಮಾತ್ರ ಕೈಹಿನ್-ಮಕುಹಾರಿಯಲ್ಲಿ.

ಚಿಬಾ ನಗರಕ್ಕೆ ಸೇರಿದ ಮಕುಹಾರಿಯ ಈ ಭಾಗ ಟೋಕಿಯೊ ಕೊಲ್ಲಿಯನ್ನು ತುಂಬಿ ಮಾಡಿದ ನೆಲ. ಹಿಂದೆ ಇಲ್ಲಿ ಚಿಪ್ಪು ಹೆಕ್ಕುತ್ತಿದ್ದರು. ಈಗ ಗಾಜಿನ ಕಟ್ಟಡಗಳು, ಅಗಲ ರಸ್ತೆ, ಸಮುದ್ರದ ಗಾಳಿ. ಊರೆಂದು ಪ್ರೀತಿಸಲು ಏನೂ ಇಲ್ಲ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮಕುಹಾರಿ ಮೆಸ್ಸೆ ಇದೆ. ವಾಸ್ತುಶಿಲ್ಪಿ ಫುಮಿಹಿಕೊ ಮಾಕಿ ರೂಪಿಸಿದ, 1989ರಲ್ಲಿ ಬಾಗಿಲು ತೆರೆದ ಈ ಪ್ರದರ್ಶನ ಕೇಂದ್ರದ ಹಾಲ್‌ಗಳ ಒಟ್ಟು ವಿಸ್ತಾರ 72 ಸಾವಿರ ಚದರ ಮೀಟರ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರವಿಕುಮಾರ್ ದಹಿಯಾ ಕುಸ್ತಿಯ ಬೆಳ್ಳಿ ಗೆದ್ದದ್ದೂ, ಭವಾನಿ ದೇವಿ ಕತ್ತಿವರಸೆಯಲ್ಲಿ ಭಾರತದ ಮೊದಲ ಒಲಿಂಪಿಕ್ ಸ್ಪರ್ಧಿಯಾಗಿ ಕಣಕ್ಕಿಳಿದದ್ದೂ ಇದೇ ಸೂರಿನಡಿ. ವರ್ಷಕ್ಕೆರಡು ಬಾರಿ, ಸಾಮಾನ್ಯವಾಗಿ ಚಳಿಗಾಲದ ಫೆಬ್ರುವರಿ ಮತ್ತು ಬೇಸಿಗೆಯ ಜುಲೈ ತಿಂಗಳ ಒಂದು ಭಾನುವಾರ, ಇಲ್ಲಿ ವಂಡರ್ ಫೆಸ್ಟಿವಲ್ ಎಂಬ ಗೊಂಬೆ ಸಂತೆ ನಡೆಯುತ್ತದೆ. ಬೆಳಗ್ಗೆ ಹತ್ತಕ್ಕೆ ಶುರು, ಸಂಜೆ ಐದಕ್ಕೆ ಮುಗಿಯಿತು.

ಒಂದು ದಿನಕ್ಕಾಗಿ ಹಾಂಗ್‌ಕಾಂಗ್, ಬ್ಯಾಂಕಾಕ್, ಲಾಸ್ ಏಂಜಲೀಸ್‌ಗಳಿಂದ ವಿಮಾನ ಹತ್ತಿ ಬರುವವರಿದ್ದಾರೆ ಎಂದರೆ ಕಾರಣವಿರಬೇಕಲ್ಲ. ಗೊಂಬೆ ಇಂದು ಇಂಟರ್ನೆಟ್ಟಿನಲ್ಲಿ ಸಿಗದ ವಸ್ತುವೇನಲ್ಲ. ಆದರೆ ಇಲ್ಲಿ ಮಾರುವ ಬಹಳಷ್ಟು ಗೊಂಬೆಗಳನ್ನು ಸಂಜೆ ಐದರ ನಂತರ ಅವನ್ನು ಮಾಡಿದವರು ಕಾನೂನಿನ ಪ್ರಕಾರ ಎಲ್ಲಿಯೂ ಮಾರುವಂತಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಮೇಜು ಹಾಕುವವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ವಾರವೆಲ್ಲ ಬೇರೆ ಕೆಲಸ, ರಾತ್ರಿ ಮನೆಯ ಮೂಲೆಯಲ್ಲಿ ಗೊಂಬೆ ಕೆತ್ತನೆ. ಅವರು ಮಾಡುವುದು ಗಾಡ್ಜಿಲಾನನ್ನೋ ಕಾರ್ಟೂನಿನ ನಾಯಕಿಯನ್ನೋ. ಅದರ ಹಕ್ಕು ಯಾವುದೋ ದೊಡ್ಡ ಕಂಪನಿಯದು. ವರ್ಷಪೂರ್ತಿ ಪರವಾನಗಿ ಕೊಳ್ಳಲು ಹವ್ಯಾಸಿಗೆ ಸಾಧ್ಯವಿಲ್ಲ. ಕದ್ದು ಮಾರಿದರೆ ಕೇಸು. ಇದಕ್ಕೆ ಸಂಘಟಕರು ಕಂಡುಕೊಂಡ ದಾರಿ ಒಂದು ದಿನದ ಪರವಾನಗಿ. ತಯಾರಕ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ, ಮೂಲಮಾದರಿಯ ಫೋಟೊ ಕಳಿಸಬೇಕು. ಸಂಘಟಕರು ಅದನ್ನು ಹಕ್ಕುದಾರರಿಗೆ ತೋರಿಸುತ್ತಾರೆ. ಒಪ್ಪಿಗೆ ಸಿಕ್ಕರೆ ಹೇಳಿದಷ್ಟು ಸಂಖ್ಯೆ, ಆ ದಿನ, ಆ ಜಾಗದಲ್ಲಿ ಮಾತ್ರ ಮಾರಾಟ. ಕಂಪನಿಗೆ ಗೌರವಧನ, ಹವ್ಯಾಸಿಗೆ ಮರ್ಯಾದೆ. ಕೃತಿಸ್ವಾಮ್ಯದ ಜಗಳಗಳಲ್ಲಿ ಇಷ್ಟು ಜಾಣ ರಾಜಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಈ ಹಬ್ಬ ಶುರುವಾದದ್ದು 1985ರಲ್ಲಿ. ಹುಟ್ಟುಹಾಕಿದ್ದು ಒಸಾಕಾದ ಜನರಲ್ ಪ್ರಾಡಕ್ಟ್ಸ್ ಎಂಬ ವೈಜ್ಞಾನಿಕ ಕಥೆಗಳ ಸಾಮಾನಿನ ಅಂಗಡಿ. ಅದೇ ಗೆಳೆಯರ ಗುಂಪು ಕಟ್ಟಿದ ಗೈನಾಕ್ಸ್ ಸ್ಟುಡಿಯೊ ಮುಂದೆ ಇವ್ಯಾಂಜೆಲಿಯನ್ ಎಂಬ ಕಾರ್ಟೂನ್ ಸರಣಿ ಮಾಡಿತು. 1992ರಲ್ಲಿ ಹಬ್ಬದ ಹೊಣೆ ಕೈಯೋಡೊ ಕಂಪನಿಯ ಹೆಗಲಿಗೆ ಬಂತು. ಅದೂ ಒಸಾಕಾ ಕಡೆಯ ಮಾಡೆಲ್ ಅಂಗಡಿಯಾಗಿ ಹುಟ್ಟಿದ್ದೇ. ಬಹಳ ವರ್ಷ ಟೋಕಿಯೊ ಬಿಗ್ ಸೈಟ್‌ನಲ್ಲಿ ನಡೆಯುತ್ತಿದ್ದ ಹಬ್ಬ, 2008ರಲ್ಲಿ ಅಲ್ಲಿನ ಎಸ್ಕಲೇಟರ್ ಜನಭಾರದಿಂದ ಹಿಂದಕ್ಕೆ ಜಾರಿ ಹಲವರು ಗಾಯಗೊಂಡ ಮೇಲೆ, 2009ರಲ್ಲಿ ಮಕುಹಾರಿಗೆ ಬಂತು.

ಒಳಗೆ ಹೋದವರ ಕಣ್ಣು ಮೊದಲು ಹೋಗುವುದು ದೊಡ್ಡ ಕಂಪನಿಗಳ ಮಳಿಗೆಗಳ ಕಡೆ. ದೀಪ, ಗಾಜಿನ ಪೆಟ್ಟಿಗೆ, ಮುಂದಿನ ವರ್ಷ ಬರುವ ಗೊಂಬೆಗಳ ಬೂದುಬಣ್ಣದ ಮಾದರಿಗಳು, ಫೋಟೊ ತೆಗೆಯುವವರ ನೂಕುನುಗ್ಗಲು. ಅಲ್ಲಿ ನಿಲ್ಲಬೇಡಿ. ಅವು ಹೇಗೂ ಅಂಗಡಿಗೆ ಬರುತ್ತವೆ. ಮೇಜುಗಳ ಸಾಲಿಗೆ ನಡೆಯಿರಿ. ಮೇಜಿನ ಮೇಲೆ ಬಣ್ಣ ಬಳಿದ ಒಂದೇ ಗೊಂಬೆ ನಿಂತಿರುತ್ತದೆ. ಹಿಂದೆ ಅದನ್ನು ಮಾಡಿದವನೇ ಕುಳಿತಿರುತ್ತಾನೆ. ದುಡ್ಡು ಕೊಟ್ಟರೆ ಸಿಗುವುದು ಆ ಗೊಂಬೆಯಲ್ಲ, ಕೈ ಕಾಲು ತಲೆ ಬೇರೆಬೇರೆಯಾದ ಬಿಳಿ ರೆಸಿನ್ ತುಂಡುಗಳ ಪೊಟ್ಟಣ. ತೊಳೆದು, ಉಜ್ಜಿ, ಜೋಡಿಸಿ, ಬಣ್ಣ ಹಾಕುವುದು ಕೊಂಡವರ ಪಾಡು. ಸಿಲಿಕೋನ್ ಅಚ್ಚಿನಲ್ಲಿ ಇಪ್ಪತ್ತು ಮೂವತ್ತು ಎರಕ ತೆಗೆಯುವಷ್ಟರಲ್ಲಿ ಅಚ್ಚು ಹರಿದುಹೋಗುತ್ತದೆ. ಸಂಖ್ಯೆ ಕಡಿಮೆಯಿರಲು ಅದೂ ಒಂದು ಕಾರಣ.

ಇನ್ನೊಂದು ಬದಿಯಲ್ಲಿ ಸೋಫುಬಿ, ಎಂದರೆ ಮೆತ್ತನೆ ವಿನೈಲ್ ಗೊಂಬೆಗಳು. ಮೇಣದ ಮೂಲಗೊಂಬೆಯ ಮೇಲೆ ತಾಮ್ರ ಲೇಪಿಸಿ ಅಚ್ಚು ಮಾಡಿ, ದ್ರವ ವಿನೈಲ್ ಸುರಿದು ಕಾಯಿಸಿ, ಬಿಸಿ ಆರುವ ಮುನ್ನ ಇಕ್ಕಳದಲ್ಲಿ ಎಳೆದು ತೆಗೆಯುತ್ತಾರೆ. 1960ರ ದಶಕದಲ್ಲಿ ಮಕ್ಕಳಿಗೆಂದು ಬಂದ ಅಗ್ಗದ ಗಾಡ್ಜಿಲಾ ಬೊಂಬೆಯ ಕಸುಬಿದು. ಈಗ ಕಲಾವಿದರು ತಮ್ಮದೇ ವಿಚಿತ್ರ ಜೀವಿಗಳನ್ನು ಇದರಲ್ಲಿ ಹುಟ್ಟಿಸುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕಾಲೇಜು ಹುಡುಗಿಯರ ಚೀಲಕ್ಕೆಲ್ಲ ನೇತುಬಿದ್ದ ಲಬುಬು ಗೊಂಬೆ ಕೂಡ ಕಲಾವಿದ ಕಾಸಿಂಗ್ ಲುಂಗ್ 2015ರಲ್ಲಿ ಬರೆದ ಚಿತ್ರಕಥೆಯ ಪಾತ್ರವಾಗಿತ್ತು. 2025ರಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಒಂದು ಲಬುಬುವಿಗೆ 10.8 ಲಕ್ಷ ಯುವಾನ್ ಬಂತು. ಅಷ್ಟು ಬೆಲೆಗೆ ಅರ್ಥವಿದೆಯೆಂದು ನನಗನ್ನಿಸುವುದಿಲ್ಲ. ಮಕುಹಾರಿಯಲ್ಲೂ ಮರುಮಾರಾಟದ ದಲ್ಲಾಳಿಗಳ ಕಾಟವಿದೆ. ಬೆಳಗ್ಗೆ ಕೊಂಡದ್ದು ಸಂಜೆಗೆ ಮೂರುಪಟ್ಟು ಬೆಲೆಗೆ ಫೋನಿನಲ್ಲಿ ಕಾಣಿಸಿಕೊಂಡರೆ ಅಚ್ಚರಿಯಿಲ್ಲ.

ಜಪಾನಿನ ಗೊಂಬೆ ಕಸುಬಿಗೂ ನಮಗೂ ಒಂದು ಹಳೆಯ ನಂಟಿದೆ. ಚನ್ನಪಟ್ಟಣದ ಬಾವಾಸ್ ಮಿಯಾನ್ ಕಳೆದ ಶತಮಾನದ ಆರಂಭದಲ್ಲಿ ಜಪಾನಿನ ಆಟಿಕೆ ತಂತ್ರವನ್ನು ತಮ್ಮೂರಿನ ಅರಗಿನ ಕೆಲಸಕ್ಕೆ ಅಳವಡಿಸಿದರೆಂದು ಹೇಳುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಈಗ ಜಿಐ ಮಾನ್ಯತೆಯೂ ಇದೆ. ಆದರೆ ಅಂಗಡಿಯಲ್ಲಿ ಕೊಂಡ ಗೊಂಬೆಯನ್ನು ತಿರುಗಿಸಿ ನೋಡಿ, ಮಾಡಿದವರ ಹೆಸರು ಇರುವುದು ಅಪರೂಪ. ಮಕುಹಾರಿಯಲ್ಲಿ ಗಿರಾಕಿ ಬೆಲೆಗಿಂತ ಮೊದಲು ಕೇಳುವುದೇ ಹೆಸರನ್ನು. ನಾವು ಕಲಿಯಬೇಕಾದದ್ದು ಇದನ್ನು.

ಹೋಗುವ ಮನಸ್ಸಿದ್ದರೆ, ಬೆಂಗಳೂರಿನಿಂದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ನರಿತಾದಿಂದ ಮಕುಹಾರಿಗೆ ಬಸ್ಸೂ ಉಂಟು. ಟಿಕೆಟ್ ಮೊದಲೇ ಕೊಳ್ಳಿ. ರಾತ್ರಿಯಿಡೀ ಸಾಲು ನಿಲ್ಲಲು ಬಿಡುವುದಿಲ್ಲ. ಮೇಜುಗಳಲ್ಲಿ ನಗದೇ ಅನುಕೂಲ, ಸಾವಿರ ಯೆನ್ನಿನ ನೋಟು ಹೆಚ್ಚಿಗೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಸ್ಟೇಷನ್ನಿನಲ್ಲೇ ಉಪ್ಪಿನಲ್ಲಿಟ್ಟ ಉಮೆ ಹಣ್ಣು ತುಂಬಿದ ಅನ್ನದ ಉಂಡೆ ಕೊಂಡು ಒಳಗೆ ಹೋಗುವುದು ಒಳ್ಳೆಯದು. ಬಣ್ಣದ ಥಿನ್ನರನ್ನು ವಿಮಾನದಲ್ಲಿ ತರುವಂತಿಲ್ಲ. ಕೊಂಡದ್ದನ್ನು ಪಾರ್ಸೆಲ್ ಕಳಿಸುವ ಯೋಚನೆಯನ್ನೂ ಬಿಡಿ: ಆಟಿಕೆಗಳ ಮೇಲಿನ ಆಮದು ಸುಂಕವನ್ನು ಭಾರತ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದೆ.