ವಿದೇಶಕ್ಕೆ ಹೋಗಲು ಪ್ರಯಾಣ ವಿಮೆ ಕಡ್ಡಾಯವೇ?

ಎಲ್ಲ ದೇಶಗಳಿಗೂ ಕಡ್ಡಾಯವಲ್ಲ. ಆದರೆ ಯುರೋಪಿನ 29 ದೇಶಗಳಲ್ಲಿ ನಡೆಯುವ ಶೆಂಗೆನ್ ಅಲ್ಪಾವಧಿ ವೀಸಾ ಪಡೆಯಲು ಭಾರತೀಯ ಪ್ರವಾಸಿಗರಿಗೆ ವಿಮೆ ಬೇಕೇ ಬೇಕು. ಅದರ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ತುರ್ತು ಚಿಕಿತ್ಸೆಯ ಜೊತೆಗೆ, ಮೃತಪಟ್ಟರೆ ದೇಹವನ್ನು ಸ್ವದೇಶಕ್ಕೆ ತರುವ ಖರ್ಚೂ ಅದರಲ್ಲಿ ಸೇರಿರಬೇಕು.

ಅಮೆರಿಕದ ಪ್ರವಾಸಿ ವೀಸಾಕ್ಕೆ ಇಂಥ ನಿಯಮವಿಲ್ಲ. ಹಾಗೆಂದು ಮಗಳ ಬಾಣಂತನಕ್ಕೆ ಅಲ್ಲಿಗೆ ಹೊರಟ ತಂದೆ-ತಾಯಿಗೆ ವಿಮೆ ಬೇಡ ಎನ್ನಲಾಗದು. ಅಲ್ಲಿ ಚಿಕಿತ್ಸೆ ಬಲು ದುಬಾರಿ, ನಮ್ಮ ಹೆಚ್ಚಿನ ಆರೋಗ್ಯ ವಿಮೆಗಳು ವಿದೇಶದಲ್ಲಿ ಅನ್ವಯಿಸುವುದಿಲ್ಲ. ಪಾಲಿಸಿ ಕೊಳ್ಳುವಾಗ ನಾವು ಮೊದಲು ಕೇಳಬೇಕಾದದ್ದು: ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆಯಿಂದ ಬರುವ ತೊಂದರೆಗೂ ಇದು ಅನ್ವಯಿಸುತ್ತದೆಯೇ? ಹಲವು ಪಾಲಿಸಿಗಳಲ್ಲಿ ಅನ್ವಯಿಸುವುದಿಲ್ಲ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು.